ಕಾಸರಗೋಡಿನಿಂದ ವಿಮಾನ ಹಿಡಿಯುವವರಿಗೆ: ದೂರ ಎಷ್ಟು, ಹೊತ್ತು ಎಷ್ಟು?

ಕಾಸರಗೋಡಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಹುಡುಕಿ ನೋಡಿ. ದೂರ 290 ಕಿ.ಮೀ. ಒಳಗೆ, ಹಾರಾಟದ ಸಮಯ ಅರ್ಧ ಗಂಟೆ ಚಿಲ್ಲರೆ ಎಂದು ಹೇಳುವ ಪುಟಗಳು ಸಿಗುತ್ತವೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಾಸರಗೋಡಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ ಅಲ್ವಾ? ತಾಳಿಪಡ್ಪು ಮೈದಾನದಿಂದ ಎದ್ದು ಮೆಜೆಸ್ಟಿಕ್ಕಿನಲ್ಲಿ ಇಳಿಯುವ ವಿಮಾನಕ್ಕೆ ಹಾಕಿದ ಲೆಕ್ಕ ಅದು. ಪೆರಿಯದಲ್ಲಿ ಸಣ್ಣ ಏರ್‌ಸ್ಟ್ರಿಪ್ ಬರುತ್ತದೆ ಎಂಬ ಮಾತು ವರ್ಷಗಳಿಂದ ಇದೆ. ಬಂದಾಗ ನೋಡೋಣ.

ಅಲ್ಲಿಯವರೆಗೆ ನಮ್ಮ ಜಿಲ್ಲೆಯವರ ವಿಮಾನ ಪ್ರಯಾಣ ಶುರುವಾಗುವುದು ರಸ್ತೆಯಲ್ಲಿ. ಮಂಜೇಶ್ವರದವರಿಗೆ ಒಂದು ಲೆಕ್ಕ, ಬದಿಯಡ್ಕದವರಿಗೆ ಇನ್ನೊಂದು, ನೀಲೇಶ್ವರದವರಿಗೆ ಮತ್ತೊಂದು. ಟಿಕೆಟ್ ಬುಕ್ ಮಾಡುವ ಮೊದಲು ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಹತ್ತು ನಿಮಿಷ ಕುಳಿತರೆ ಸಾಕು. ದೂರ, ಹಾರಾಟದ ಸಮಯ, ಮನೆಯಿಂದ ಮನೆಗೆ ಬೇಕಾಗುವ ಒಟ್ಟು ಹೊತ್ತು, ಮೂರೂ ಸಿಗುತ್ತವೆ. ಮೂರನೆಯದಕ್ಕೇ ಬೆಲೆ ಜಾಸ್ತಿ.

ಹೆಜ್ಜೆ 1: ಬಜ್ಪೆಯೋ, ಮಟ್ಟನ್ನೂರೋ?

ನಮಗೆ ಹತ್ತಿರದ ನಿಲ್ದಾಣಗಳು ಎರಡು. ಉತ್ತರಕ್ಕೆ ಮಂಗಳೂರು, ಅಂದರೆ ಬಜ್ಪೆ ಪಕ್ಕದ ಕೆಂಜಾರು. ದಕ್ಷಿಣಕ್ಕೆ ಕಣ್ಣೂರು, ಅಂದರೆ ಮಟ್ಟನ್ನೂರು. ಮಂಗಳೂರಿನದು ಹಳೆಯದು, 1951ರಲ್ಲಿ ಶುರುವಾದದ್ದು. ಕಣ್ಣೂರಿನದು 2018ರ ಡಿಸೆಂಬರ್ 9ರಂದು ಉದ್ಘಾಟನೆಯಾಯಿತು. ಟಿಕೆಟಿನಲ್ಲಿ ಮಂಗಳೂರಿಗೆ ಐಎಕ್ಸ್‌ಇ, ಕಣ್ಣೂರಿಗೆ ಸಿಎನ್‌ಎನ್ ಎಂಬ ಮೂರಕ್ಷರದ ಕೋಡ್ ಇರುತ್ತದೆ. ಬುಕ್ ಮಾಡುವಾಗ ಊರಿನ ಹೆಸರಿನ ಜೊತೆ ಈ ಕೋಡನ್ನೂ ನೋಡಿ.

ಮಂಜೇಶ್ವರದಿಂದ ಮಂಗಳೂರು ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಕಾಸರಗೋಡು ಪೇಟೆಯಿಂದ 60 ಕಿ.ಮೀ. ಮೇಲೆ. ಹೊಸದುರ್ಗ, ಅಂದರೆ ಕಾಞಂಗಾಡಿಗೆ ಬಂದರೆ ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಸಮ ದೂರ. ಅಲ್ಲಿಂದ ಕೆಳಗೆ, ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರದವರಿಗೆ ಮಟ್ಟನ್ನೂರೇ ಹತ್ತಿರ. ಉಪ್ಪಳ, ಕುಂಬಳೆ, ಕಾಸರಗೋಡಿನವರು ಕಣ್ಣೂರಿನ ಟಿಕೆಟ್ ಅಗ್ಗ ಎಂದು ಕಂಡ ತಕ್ಷಣ ಒತ್ತಿಬಿಡಬೇಡಿ. ಕಾಸರಗೋಡಿನಿಂದ ಕಣ್ಣೂರಿಗೆ ರೈಲಿನಲ್ಲಿ 86 ಕಿ.ಮೀ. ಇದೆ. ಅಲ್ಲಿ ಇಳಿದ ಮೇಲೆ ಮಟ್ಟನ್ನೂರಿಗೆ ಇನ್ನೂ 25 ಕಿ.ಮೀ. ಮೇಲೆ ರಸ್ತೆ. ಆ ಟ್ಯಾಕ್ಸಿ ಬಾಡಿಗೆ, ಆ ಒಂದು ಗಂಟೆ, ಎರಡನ್ನೂ ಟಿಕೆಟ್ ದರಕ್ಕೆ ಸೇರಿಸಿ ನೋಡಿ.

ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯವರಿಗೆ ಇನ್ನೊಂದು ದಾರಿ ಇದೆ. ಎಲ್ಲರೂ ಕುಂಬಳೆಗೆ ಇಳಿದು ಹೈವೇ ಹಿಡಿಯಬೇಕೆಂದಿಲ್ಲ. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಅಡ್ಯನಡ್ಕ, ವಿಟ್ಲ ದಾಟಿ ಕಲ್ಲಡ್ಕ, ಬಿ.ಸಿ.ರೋಡ್ ಸೇರಬಹುದು. ಅಲ್ಲಿಂದ ಪೊಳಲಿ, ಕೈಕಂಬ ಮೂಲಕ ಬಜ್ಪೆಗೆ ಹೋದರೆ ಮಂಗಳೂರು ಪೇಟೆಯ ಒಳಗೆ ಸಿಕ್ಕಿಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ. ರಸ್ತೆ ಅಗಲ ಕಡಿಮೆ, ತಿರುವು ಜಾಸ್ತಿ. ಪೊಳಲಿ ಹತ್ತಿರದ ಸೇತುವೆಯಲ್ಲಿ ವಾಹನ ಬಿಡುತ್ತಾರೆಯೇ ಎಂದು ಹೊರಡುವ ಮೊದಲು ಆ ಕಡೆಯವರನ್ನು ಕೇಳಿಕೊಳ್ಳಿ. ಇಷ್ಟಿದ್ದರೂ ಸಂಜೆ ಹೊತ್ತು ಪಂಪ್‌ವೆಲ್, ನಂತೂರಿನಲ್ಲಿ ನಿಲ್ಲುವುದಕ್ಕಿಂತ ಇದು ವಾಸಿ ಎಂಬುದು ನನ್ನ ಅಭಿಪ್ರಾಯ.

ಹೆಜ್ಜೆ 2: ನೇರ ದೂರ ಲೆಕ್ಕ ಹಾಕಿ

ದೂರ ಎಂದರೆ ಯಾವ ದೂರ? ನಕ್ಷೆಯ ಎರಡು ಚುಕ್ಕಿಗಳ ನಡುವಿನ ನೇರ ದೂರ ಒಂದು. ವಿಮಾನ ನಿಜಕ್ಕೂ ಹಾರುವ ದಾರಿ ಇನ್ನೊಂದು. ರಸ್ತೆಯ ದೂರ ಮೂರನೆಯದು. ಕಾಸರಗೋಡು-ಬೆಂಗಳೂರು ನೇರ ದೂರ 290 ಕಿ.ಮೀ. ಒಳಗಾದರೆ, ಸುಳ್ಯ, ಮಡಿಕೇರಿ, ಮೈಸೂರು ದಾರಿಯಲ್ಲಿ ರಸ್ತೆ ಸುಮಾರು 370 ಕಿ.ಮೀ. ನಡುವೆ ಘಟ್ಟ ಇರುವಾಗ ವ್ಯತ್ಯಾಸ ಇಷ್ಟಾದರೂ ಬರುತ್ತದೆ.

ನೇರ ದೂರ ನೋಡಲಿಕ್ಕೆ ಸುಲಭ ದಾರಿ ಗೂಗಲ್ ಮ್ಯಾಪ್. ಒಂದು ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಪಿನ್ ಬೀಳುತ್ತದೆ. ಅದರ ಆಯ್ಕೆಗಳಲ್ಲಿ ದೂರ ಅಳೆಯುವುದೂ ಇದೆ. ನಕ್ಷೆಯನ್ನು ಇನ್ನೊಂದು ಊರಿನ ತನಕ ಸರಿಸಿದರೆ ಕಿ.ಮೀ. ಕಾಣುತ್ತದೆ. ಪೇಟೆಯಿಂದ ಪೇಟೆಗೆ ಅಳೆಯಬೇಡಿ, ರನ್‌ವೇಯಿಂದ ರನ್‌ವೇಗೆ ಅಳೆಯಿರಿ.

ಕೈಯಲ್ಲೇ ಲೆಕ್ಕ ಹಾಕುವ ಹವ್ಯಾಸ ಇದ್ದರೆ, ಅಥವಾ ಮಕ್ಕಳಿಗೆ ಎಂಟನೇ ಕ್ಲಾಸಿನ ಗಣಿತ ಯಾವುದಕ್ಕೆ ಉಪಯೋಗ ಎಂದು ತೋರಿಸಬೇಕಾದರೆ, ಹೀಗೆ ಮಾಡಿ. ಮೊದಲು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ:

ಮಂಗಳೂರು: 12.96 ಉತ್ತರ, 74.89 ಪೂರ್ವ
ಕಣ್ಣೂರು: 11.92 ಉತ್ತರ, 75.55 ಪೂರ್ವ
ಬೆಂಗಳೂರು: 13.20 ಉತ್ತರ, 77.71 ಪೂರ್ವ
ಮುಂಬೈ: 19.09 ಉತ್ತರ, 72.87 ಪೂರ್ವ
ದುಬೈ: 25.25 ಉತ್ತರ, 55.36 ಪೂರ್ವ

ಅಕ್ಷಾಂಶದ ಒಂದು ಡಿಗ್ರಿ ಎಂದರೆ ಎಲ್ಲಿಯಾದರೂ ಸುಮಾರು 111 ಕಿ.ಮೀ. ರೇಖಾಂಶ ಹಾಗಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಬರುತ್ತವೆ. ನಮ್ಮ 13 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿಗೆ 108 ಕಿ.ಮೀ. 16ರ ಹತ್ತಿರ 107, 19ರ ಹತ್ತಿರ 105. ಎರಡು ಊರುಗಳ ಅಕ್ಷಾಂಶದ ಸರಾಸರಿ ತೆಗೆದು ಅದಕ್ಕೆ ಸರಿಯಾದ ಸಂಖ್ಯೆ ಹಿಡಿಯಿರಿ.

ಮಂಗಳೂರು-ಬೆಂಗಳೂರು ನೋಡೋಣ. ಅಕ್ಷಾಂಶದ ವ್ಯತ್ಯಾಸ 0.24. ಅದನ್ನು 111ರಿಂದ ಗುಣಿಸಿದರೆ 27 ಕಿ.ಮೀ. ರೇಖಾಂಶದ ವ್ಯತ್ಯಾಸ 2.82. ಅದನ್ನು 108ರಿಂದ ಗುಣಿಸಿದರೆ 305 ಕಿ.ಮೀ. ಇನ್ನು ಪೈಥಾಗೊರಸ್. 27ರ ವರ್ಗ 729, 305ರ ವರ್ಗ 93,025. ಕೂಡಿಸಿ ವರ್ಗಮೂಲ ತೆಗೆದರೆ 306 ಕಿ.ಮೀ. ಆಯಿತು.

ಇದೇ ಲೆಕ್ಕ ದುಬೈಗೂ ನಡೆಯುತ್ತದೆಯೇ? ಅಕ್ಷಾಂಶದ ವ್ಯತ್ಯಾಸ 12.29, ಅಂದರೆ 1,364 ಕಿ.ಮೀ. ರೇಖಾಂಶದ ವ್ಯತ್ಯಾಸ 19.53. ಸರಾಸರಿ ಅಕ್ಷಾಂಶ 19 ಆದ್ದರಿಂದ 105ರಿಂದ ಗುಣಿಸಿ, 2,051 ಕಿ.ಮೀ. ಉತ್ತರ 2,463. ಭೂಮಿಯ ದುಂಡನ್ನೂ ಹಿಡಿದು ಸರಿಯಾಗಿ ಹಾಕುವ ಲೆಕ್ಕದಲ್ಲಿ ಸುಮಾರು 2,460 ಬರುತ್ತದೆ. ನಾಲ್ಕೈದು ಕಿ.ಮೀ. ಹೆಚ್ಚುಕಡಿಮೆಗೆ ತಲೆಬಿಸಿ ಬೇಡ. ಲಂಡನ್, ನ್ಯೂಯಾರ್ಕಿಗೆ ಮಾತ್ರ ಈ ಉಪಾಯ ಬಳಸಬೇಡಿ. ಅಷ್ಟು ದೂರಕ್ಕೆ ಭೂಮಿ ಚಪ್ಪಟೆ ಎಂದು ಹಿಡಿದರೆ ಲೆಕ್ಕ ಎಲ್ಲೆಲ್ಲೋ ಹೋಗುತ್ತದೆ.

ಕಣ್ಣೂರಿನಿಂದ ದುಬೈಗೆ ಸುಮಾರು 2,590 ಕಿ.ಮೀ. ಮಂಗಳೂರಿಗಿಂತ 130 ಕಿ.ಮೀ. ಜಾಸ್ತಿ. ಆಕಾಶದಲ್ಲಿ ಅದು ಹತ್ತು ನಿಮಿಷದ ಮಾತು. ಮನೆಯಿಂದ ಯಾವ ನಿಲ್ದಾಣ ಹತ್ತಿರ ಎಂಬುದರ ಮುಂದೆ ಈ ಹತ್ತು ನಿಮಿಷ ಲೆಕ್ಕಕ್ಕೇ ಇಲ್ಲ.

ಹೆಜ್ಜೆ 3: ದೂರದಿಂದ ಹಾರಾಟದ ಸಮಯ

ನಮ್ಮ ಕಡೆ ಹೆಚ್ಚಾಗಿ ಬರುವ ಬೋಯಿಂಗ್ 737, ಏರ್‌ಬಸ್ 320 ಜಾತಿಯ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ 800ರಿಂದ 850 ಕಿ.ಮೀ. ವೇಗದಲ್ಲಿ ಹಾರುತ್ತವೆ. ಆದರೆ ಎದ್ದ ಕ್ಷಣದಿಂದಲೇ ಆ ವೇಗ ಇರುವುದಿಲ್ಲ. ಏರುವಾಗ, ಇಳಿಯುವಾಗ ನಿಧಾನ. ನೆಲದ ಮೇಲೆ ಉರುಳುವ ಹೊತ್ತೂ ಇದೆ. ಹಾಗಾಗಿ ಸುಲಭದ ಸೂತ್ರ ಇದು: ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ.

ಬೆಂಗಳೂರಿಗೆ 306 ಕಿ.ಮೀ. ಭಾಗಿಸಿದರೆ 23 ನಿಮಿಷ, ಅರ್ಧ ಗಂಟೆ ಸೇರಿಸಿದರೆ 53 ನಿಮಿಷ. ಮುಂಬೈಗೆ 712 ಕಿ.ಮೀ., ಅಂದರೆ ಒಂದು ಗಂಟೆ 23 ನಿಮಿಷ. ದುಬೈಗೆ ಮೂರು ಗಂಟೆ 35 ನಿಮಿಷ. ಟಿಕೆಟಿನಲ್ಲಿ ಇದಕ್ಕಿಂತ ಹತ್ತು, ಹದಿನೈದು ನಿಮಿಷ ಜಾಸ್ತಿಯೇ ಬರೆದಿರುತ್ತಾರೆ. ವಿಮಾನ ಗೇಟಿನಿಂದ ಕದಲಿದಲ್ಲಿಂದ ಆ ಕಡೆಯ ಗೇಟಿನಲ್ಲಿ ನಿಲ್ಲುವ ತನಕದ ಹೊತ್ತು ಅದು. ಬ್ಲಾಕ್ ಟೈಮ್ ಎನ್ನುತ್ತಾರೆ. ಅದರಲ್ಲಿ ಕಂಪನಿಯವರು ಸ್ವಲ್ಪ ಸಡಿಲವನ್ನೂ ಇಟ್ಟುಕೊಳ್ಳುತ್ತಾರೆ. ಕೆಲವೊಮ್ಮೆ ಇಪ್ಪತ್ತು ನಿಮಿಷ ಬೇಗ ಇಳಿಸಿ ಹೊಗಳಿಕೆ ಪಡೆಯುವುದು ಹೀಗೆ.

ಬೆಂಗಳೂರಿಗೆ ಪ್ರೊಪೆಲರ್ ಇರುವ ಎಟಿಆರ್ ವಿಮಾನ ಸಿಕ್ಕಿದರೆ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಇಷ್ಟು ಸಣ್ಣ ದೂರಕ್ಕೆ ಹದಿನೈದು ನಿಮಿಷದ ವ್ಯತ್ಯಾಸ ಬರಬಹುದು. ಅದಕ್ಕಾಗಿ ಟಿಕೆಟ್ ಬದಲಿಸುವ ಅಗತ್ಯ ಇಲ್ಲ. ಬ್ಯಾಗ್ ಮಾತ್ರ ಗಮನಿಸಿ. ಆ ವಿಮಾನದಲ್ಲಿ ತಲೆ ಮೇಲಿನ ಕಪಾಟು ಸಣ್ಣದು.

ಇನ್ನು ಗಾಳಿ. ಒಂದೇ ದೂರಕ್ಕೆ ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ ಯಾಕೆ ಎಂದು ಗಲ್ಫಿಗೆ ಹೋಗಿಬರುವವರೆಲ್ಲ ಕೇಳುತ್ತಾರೆ. ಚಳಿಗಾಲದಲ್ಲಿ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ದುಬೈಗೆ ಹೋಗುವಾಗ ಅದು ಎದುರು ಗಾಳಿ, ಬರುವಾಗ ಬೆನ್ನಗಾಳಿ. ಗಾಳಿಯ ವೇಗ ಗಂಟೆಗೆ ಬರೇ 60 ಕಿ.ಮೀ. ಎಂದೇ ಹಿಡಿಯಿರಿ. 820 ವೇಗದ ವಿಮಾನ ಹೋಗುವಾಗ 760ಕ್ಕೆ ಇಳಿಯಿತು, ಬರುವಾಗ 880ಕ್ಕೆ ಏರಿತು. 2,460 ಕಿ.ಮೀ.ಗೆ ಎರಡರ ನಡುವೆ 26 ನಿಮಿಷದ ಅಂತರ ಬಂತು. ಮಂಗಳೂರಿನಿಂದ ದುಬೈಗೆ ಮೂರೂವರೆಯಿಂದ ನಾಲ್ಕು ಗಂಟೆ, ಬರುವಾಗ ಮೂರೂಕಾಲು, ಮೂರೂವರೆ ಗಂಟೆ ಎಂದು ಟಿಕೆಟಿನಲ್ಲಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ತುಂಬಾ ಎತ್ತರದಲ್ಲಿ ಗಾಳಿ ತಿರುಗಿ ಪೂರ್ವದಿಂದ ಬೀಸುವುದರಿಂದ ಈ ಅಂತರ ಕಡಿಮೆಯಾಗುತ್ತದೆ.

ಮಂಗಳೂರಿನ ರನ್‌ವೇಯ ದಿಕ್ಕೂ ಕೆಲವು ನಿಮಿಷ ತಿನ್ನುತ್ತದೆ. ಇಲ್ಲಿ ಹೆಚ್ಚಾಗಿ ವಿಮಾನ ಇಳಿಯುವುದು ಘಟ್ಟದ ಕಡೆಯಿಂದ ಬಂದು ಸಮುದ್ರದ ಕಡೆಗೆ ಮುಖ ಮಾಡಿ. ಗಲ್ಫಿನಿಂದ ಬರುವ ವಿಮಾನ ಸಮುದ್ರದಿಂದಲೇ ಬರುತ್ತದೆ. ಹಾಗಾಗಿ ಊರನ್ನು ದಾಟಿ ಒಳಗೆ ಹೋಗಿ, ತಿರುಗಿ ಬಂದು ಇಳಿಯಬೇಕು. ಕಿಟಕಿಯಲ್ಲಿ ಬಜ್ಪೆ ಕಂಡಿತು ಎಂದು ಕರೆದೊಯ್ಯಲು ಬಂದವರಿಗೆ ಆಗಲೇ ಮನಸ್ಸಿನಲ್ಲಿ ಟಾಟಾ ಮಾಡುವವರು ಇನ್ನೂ ಹತ್ತು ನಿಮಿಷ ಕಾಯಬೇಕು.

ನಿಮ್ಮ ವಿಮಾನ ದಿನಾ ನಿಜಕ್ಕೂ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನೋಡಬೇಕೆಂದರೆ ಫ್ಲೈಟ್‌ರಾಡಾರ್24 ಆಪ್‌ನಲ್ಲಿ ಫ್ಲೈಟ್ ನಂಬರ್ ಹಾಕಿ. ಕಳೆದ ಕೆಲವು ದಿನಗಳಲ್ಲಿ ಎಷ್ಟಕ್ಕೆ ಎದ್ದಿತು, ಎಷ್ಟಕ್ಕೆ ಇಳಿಯಿತು ಎಂದು ಕಾಣುತ್ತದೆ. ತಡವಾಗುವುದೇ ಅಭ್ಯಾಸವಾದ ವಿಮಾನ ಯಾವುದು ಎಂದೂ ತಿಳಿಯುತ್ತದೆ. ಬೇರೆ ಊರಿನಲ್ಲಿ ಇನ್ನೊಂದು ವಿಮಾನ ಹಿಡಿಯುವವರು ಇದನ್ನು ನೋಡಲೇಬೇಕು.

ಹೆಜ್ಜೆ 4: ಟಿಕೆಟಿನ ಗಡಿಯಾರ ಓದುವುದು

ಟಿಕೆಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ದುಬೈ, ಅಬುಧಾಬಿ, ಶಾರ್ಜಾ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಬಹರೈನ್, ಕುವೈತ್, ಸೌದಿ ಎರಡೂವರೆ ಗಂಟೆ ಹಿಂದೆ. ಪಡುದಿಕ್ಕಿಗೆ ಹೋಗುವಾಗ ಈ ವ್ಯತ್ಯಾಸವನ್ನು ಕೂಡಿಸಿ, ಮೂಡುದಿಕ್ಕಿಗೆ ಬರುವಾಗ ಕಳೆಯಿರಿ.

ಉದಾಹರಣೆಗೆ ಮಂಗಳೂರು ಬಿಡುವುದು ಬೆಳಿಗ್ಗೆ 8:00, ದುಬೈ ಮುಟ್ಟುವುದು 10:10 ಎಂದಿದೆ. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಒಂದೂವರೆ ಗಂಟೆ ಕೂಡಿಸಿದರೆ ಮೂರು ಗಂಟೆ 40 ನಿಮಿಷದ ಪ್ರಯಾಣ. ಬರುವಾಗ ದುಬೈ ಬಿಡುವುದು 11:30, ಮಂಗಳೂರು ಮುಟ್ಟುವುದು ಸಂಜೆ 4:25. ಗಡಿಯಾರದಲ್ಲಿ ನಾಲ್ಕು ಗಂಟೆ 55 ನಿಮಿಷ. ಒಂದೂವರೆ ಕಳೆದರೆ ಮೂರು ಗಂಟೆ 25 ನಿಮಿಷ.

ನಡುರಾತ್ರಿಯ ವಿಮಾನದ ತಾರೀಕಿನಲ್ಲಿ ಎಡವುವವರು ಜಾಸ್ತಿ. 15ನೇ ತಾರೀಕು 00:40 ಎಂದು ಇದ್ದರೆ ಅದು 14ರ ರಾತ್ರಿ. 14ರಂದು ಸಂಜೆ ಏಳೂವರೆಗೆ ಕಾಸರಗೋಡು ಬಿಟ್ಟರೆ ಮಾತ್ರ ರಾತ್ರಿ ಒಂಬತ್ತೂವರೆ ಹೊತ್ತಿಗೆ ನಿಲ್ದಾಣ ಸೇರಿ ಮೂರು ಗಂಟೆ ಮೊದಲು ಹಾಜರಾದಂತೆ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಮನೆಯ ಹಿರಿಯರು ಟಿಕೆಟ್ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ 14ರ ಮೇಲೆಯೇ ಹಾಕಿಸಿ.

ಹೆಜ್ಜೆ 5: ಮನೆಯಿಂದ ಮನೆಗೆ

ಎಲ್ಲ ಲೆಕ್ಕಗಳೂ ಬಂದು ಸೇರುವುದು ಇಲ್ಲಿ. ಹಾರಾಟದ ಸಮಯವನ್ನು ನಡುವೆ ಇಟ್ಟು ಅದರ ಎರಡೂ ಬದಿಗೆ ಉಳಿದದ್ದನ್ನು ಜೋಡಿಸಿ. ವಿಮಾನದ ಸಮಯದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

ದೇಶದೊಳಗಿನ ಪ್ರಯಾಣಕ್ಕೆ ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ. ವಿದೇಶಕ್ಕೆ 60ರಿಂದ 75 ನಿಮಿಷ ಮೊದಲು. ನಿಮ್ಮ ಟಿಕೆಟಿನಲ್ಲಿ ಬರೆದದ್ದೇ ಅಂತಿಮ. ಅದು ಕೊನೆಯ ಗೆರೆ ಅಷ್ಟೆ, ಹೋಗಿ ಸೇರಬೇಕಾದ ಸಮಯ ಅಲ್ಲ. ದೇಶದೊಳಗೆ ಒಂದೂವರೆಯಿಂದ ಎರಡು ಗಂಟೆ, ಗಲ್ಫಿಗೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಿ. ಗಲ್ಫಿಗೆ ಹೋಗುವವರಿಗೆ ಇಮಿಗ್ರೇಷನ್ ಸಾಲೂ ಇದೆ, ಹಲಸಿನ ಹಪ್ಪಳ, ಉಪ್ಪಿನಕಾಯಿ ತುಂಬಿದ ಪೆಟ್ಟಿಗೆಯ ತೂಕ ಹೆಚ್ಚಾಗಿ ಅಲ್ಲೇ ಬಿಚ್ಚಿ ಕಟ್ಟುವ ಕೆಲಸವೂ ಇದೆ.

ರಸ್ತೆಗೆ ಎಷ್ಟು? ಕಾಸರಗೋಡಿನಿಂದ ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ತಲಪಾಡಿ. ತಲಪಾಡಿಯಿಂದ ಚೆಂಗಳದ ತನಕದ 39 ಕಿ.ಮೀ. ಹೈವೇ ಆರು ಪಥಕ್ಕೆ ಅಗಲವಾದ ಮೇಲೆ ಈ ಭಾಗದ ಓಟ ಸುಧಾರಿಸಿದೆ. ಹೊತ್ತು ಹೋಗುವುದು ಅಲ್ಲಿಂದ ಮುಂದೆ. ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು, ಕೆಪಿಟಿ, ಆಮೇಲೆ ಯೆಯ್ಯಾಡಿ, ಬೋಂದೆಲ್, ಮರವೂರು ಸೇತುವೆ, ಕೆಂಜಾರು. ಮ್ಯಾಪಿನಲ್ಲಿ ಒಂದೂವರೆ ಗಂಟೆ ತೋರಿಸಿದರೂ ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಎಂಟರ ನಡುವೆ ಎರಡು ಗಂಟೆ ಇಡಿ. ಮ್ಯಾಪ್ ನೋಡುವಾಗಲೂ ಈಗಿನ ಸಮಯ ನೋಡಬೇಡಿ. ನೀವು ಹೊರಡುವ ದಿನ, ಹೊತ್ತು ಹಾಕಿ ನೋಡಿ.

ರೈಲಿನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಮಂಗಳೂರಿನಲ್ಲಿ ಸೆಂಟ್ರಲ್, ಜಂಕ್ಷನ್ ಎಂದು ಎರಡು ಸ್ಟೇಷನ್. ಸೆಂಟ್ರಲ್ ಪೇಟೆಯ ನಡುವೆ, ಜಂಕ್ಷನ್ ಪಡೀಲಿನ ಹತ್ತಿರ. ಕೊಂಕಣ ದಾರಿ ಹಿಡಿದು ಮುಂದೆ ಹೋಗುವ ಹೆಚ್ಚಿನ ರೈಲುಗಳು ಜಂಕ್ಷನ್‌ನಲ್ಲಿ ನಿಲ್ಲುತ್ತವೆ. ಎರಡೂ ಕಡೆಯಿಂದ ನಿಲ್ದಾಣಕ್ಕೆ ಟ್ಯಾಕ್ಸಿ ಬೇಕು. ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್‌ ಸ್ಟ್ಯಾಂಡಿನಿಂದ ಬಜ್ಪೆ ಕಡೆಗೆ ಸಿಟಿ ಬಸ್ಸುಗಳಿವೆ. ಒಂದು ಬೆನ್ನಿನ ಚೀಲ ಮಾತ್ರ ಇದ್ದವರಿಗೆ ಅವು ಸಾಕು.

ಟ್ಯಾಕ್ಸಿ ಮಾಡುವಾಗ ಗಡಿಯನ್ನು ಮರೆಯಬೇಡಿ. ಕೇರಳದ ಟ್ಯಾಕ್ಸಿ ಕರ್ನಾಟಕಕ್ಕೆ, ಕರ್ನಾಟಕದ್ದು ಕೇರಳಕ್ಕೆ ಬರಬೇಕಾದರೆ ಪರ್ಮಿಟ್ ಬೇಕು. ಬಾಡಿಗೆಯಲ್ಲಿ ಪರ್ಮಿಟ್ ಮತ್ತು ಟೋಲ್ ಸೇರಿದೆಯೇ ಎಂದು ಫೋನಿನಲ್ಲೇ ಕೇಳಿ. ತಲಪಾಡಿಯಲ್ಲಿ ಗಾಡಿ ನಿಲ್ಲಿಸಿ ಚರ್ಚೆ ಮಾಡಲಿಕ್ಕೆ ವಿಮಾನ ಕಾಯುವುದಿಲ್ಲ.

ಈಗ ಬೆಂಗಳೂರಿನ ಲೆಕ್ಕ ಪೂರ್ತಿ ಮಾಡೋಣ. ವಿಮಾನ ಬೆಳಿಗ್ಗೆ 10:30ಕ್ಕೆ. ನಿಲ್ದಾಣದಲ್ಲಿ 9:00ಕ್ಕೆ ಇರಬೇಕು. ಕಾಸರಗೋಡು ಬಿಡುವುದು 7:00ಕ್ಕೆ. ಬೆಂಗಳೂರಿನಲ್ಲಿ ಇಳಿಯುವುದು 11:40ರ ಸುಮಾರಿಗೆ. ಬ್ಯಾಗ್ ಹಿಡಿದು ಹೊರಬರುವಾಗ 12:10. ನಿಲ್ದಾಣ ಇರುವುದು ದೇವನಹಳ್ಳಿಯ ಹತ್ತಿರ. ಮೆಜೆಸ್ಟಿಕ್ಕಿಗೆ ಸುಮಾರು 35 ಕಿ.ಮೀ., ಒಂದೂವರೆ ಗಂಟೆ ಹಿಡಿಯಿರಿ. ಒಟ್ಟು ಆರು ಗಂಟೆ 40 ನಿಮಿಷ. ಇದರಲ್ಲಿ ವಿಮಾನ ಹಾರಿದ್ದು ಒಂದು ಗಂಟೆಯೂ ಇಲ್ಲ.

ಕಾರಿನಲ್ಲಿ ಸುಳ್ಯ, ಮಡಿಕೇರಿ ದಾರಿ ಹಿಡಿದರೆ ಸುಮಾರು ಎಂಟು ಗಂಟೆ. 2023ರ ಮಾರ್ಚಿನಲ್ಲಿ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕೊನೆಯ ಭಾಗ ಹಗುರವಾಗಿದೆ. ರಾತ್ರಿ ಬಸ್ಸಿಗೆ ಒಂಬತ್ತು, ಹತ್ತು ಗಂಟೆ. ಕಣ್ಣೂರಿನಿಂದ ಬರುವ ಬೆಂಗಳೂರು ಎಕ್ಸ್‌ಪ್ರೆಸ್ ರೈಲು ಸಂಜೆ ಕಾಸರಗೋಡು ಬಿಟ್ಟು ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ತನಕ ಘಟ್ಟದಲ್ಲಿ 57 ಸುರಂಗಗಳನ್ನು ದಾಟಿಕೊಂಡು ನಿಧಾನವಾಗಿ ಏರುವುದರಿಂದ ಅಲ್ಲಿ ಹೊತ್ತು ಹೋಗುತ್ತದೆ. ಹೋದರೆ ಹೋಗಲಿ, ಆಗ ನೀವು ಮಲಗಿರುತ್ತೀರಿ.

ಹಾಗಾಗಿ ಬೆಂಗಳೂರಿಗೆ ವಿಮಾನ ಬೇಕೇ ಬೇಡವೇ ಎಂಬುದು ಅಲ್ಲಿ ನಿಮ್ಮ ಕೆಲಸ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಹೆಬ್ಬಾಳ, ಯಲಹಂಕ ಕಡೆಗಾದರೆ ವಿಮಾನ ಸರಿ. ಮಂಜೇಶ್ವರದವರಿಗಾದರೆ ಇನ್ನೂ ಸರಿ, ಒಂದು ಗಂಟೆ ಉಳಿಯಿತು. ಕೆಂಗೇರಿಗೆ ಹೋಗುವವರಿಗೆ ಮೈಸೂರು ದಾರಿಯ ಬಸ್ಸು ಮನೆ ಬಾಗಿಲಿಗೇ ತಂದು ಬಿಟ್ಟಂತೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ದೇವನಹಳ್ಳಿಯಿಂದ ಊರು ಪೂರ್ತಿ ದಾಟಿ 50 ಕಿ.ಮೀ.ಗಿಂತ ಜಾಸ್ತಿ ಹೋಗಬೇಕು. ಕಾಸರಗೋಡಿನಿಂದ ಅರವತ್ತು ಕಿ.ಮೀ. ಉತ್ತರಕ್ಕೆ ಹೋಗಿ ವಿಮಾನ ಹತ್ತಿ, ಬೆಂಗಳೂರಿನ ಉತ್ತರದಲ್ಲಿ ಇಳಿದು, ಮತ್ತೆ ದಕ್ಷಿಣಕ್ಕೆ ಬರುವುದು. ನನ್ನನ್ನು ಕೇಳಿದರೆ ಅವರು ರಾತ್ರಿ ಬಸ್ಸಿನಲ್ಲಿ ಹೋಗುವುದೇ ಒಳ್ಳೆಯದು.

ಇದೇ ಲೆಕ್ಕವನ್ನು ಮುಂಬೈಗೆ ಹಾಕಿ. ರಸ್ತೆಗೆ ಎರಡು ಗಂಟೆ, ನಿಲ್ದಾಣದಲ್ಲಿ ಒಂದೂವರೆ, ವಿಮಾನದಲ್ಲಿ ಒಂದು ಗಂಟೆ 35 ನಿಮಿಷ, ಬ್ಯಾಗಿಗೆ ಅರ್ಧ, ಅಲ್ಲಿಂದ ಅಂಧೇರಿಯೋ ಸಯನ್ನೋ ಒಂದು ಗಂಟೆ. ಒಟ್ಟು ಆರೂವರೆ ಗಂಟೆ ಚಿಲ್ಲರೆ. ಬೆಂಗಳೂರಿಗಿಂತ 400 ಕಿ.ಮೀ. ದೂರ ಇರುವ ಊರಿಗೆ ಬೆಂಗಳೂರಿನಷ್ಟೇ ಹೊತ್ತು! ಮುಂಬೈಯ ನಿಲ್ದಾಣ ಊರಿನ ಒಳಗೇ ಇರುವುದರಿಂದ ಹೀಗೆ. ಮುಂಬೈಗೆ ರೈಲೆಂದರೆ ಒಂದು ರಾತ್ರಿಯ ಜೊತೆ ಮರುದಿನದ ಹಗಲೂ ಬೇಕು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ, ವೇಗ ಇನ್ನೂ ಕಡಿಮೆ. ಹಣ ಹೊಂದಿದರೆ ಮುಂಬೈಗೆ ವಿಮಾನ ಎಂಬುದರಲ್ಲಿ ಎರಡು ಮಾತಿಲ್ಲ.

ದುಬೈಗೆ? ರಸ್ತೆಗೆ ಎರಡು, ನಿಲ್ದಾಣದಲ್ಲಿ ಮೂರು, ವಿಮಾನದಲ್ಲಿ ಮೂರೂಮುಕ್ಕಾಲು, ಇಮಿಗ್ರೇಷನ್, ಬ್ಯಾಗಿಗೆ ಒಂದು, ಡೇರಾಕ್ಕೆ ಅರ್ಧ. ಹತ್ತು ಗಂಟೆ ದಾಟಿತು. ಅದರಲ್ಲಿ ಐದು ಗಂಟೆ ವಿಮಾನ ಹತ್ತುವ ಮೊದಲೇ ಮುಗಿದಿರುತ್ತದೆ.

ಹೆಜ್ಜೆ 6: ಮಳೆಗಾಲಕ್ಕೆ ಬೇರೆ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಲಿನ ಅಂಕಿಗಳಿಗೆ ಒಂದು ಗಂಟೆ ಸೇರಿಸಿ. ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಗುಡ್ಡ ಜರಿಯುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಭೂಕುಸಿತದಿಂದ ಮಡಿಕೇರಿ-ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಘಟ್ಟದ ರೈಲು ದಾರಿಯೂ ಜೋರು ಮಳೆಗೆ ನಿಲ್ಲುವುದುಂಟು. ಹಾಗಾಗಿ ಬೆಂಗಳೂರಿಗೆ ಬಸ್ಸೇ ಸಾಕು ಎಂದು ನಾನು ಹೇಳಿದ್ದು ಬೇಸಿಗೆಗೆ, ಚಳಿಗಾಲಕ್ಕೆ. ಮಳೆಗಾಲದಲ್ಲಿ ಹೊರಡುವ ಹಿಂದಿನ ದಿನ ಸಂಪಾಜೆ, ಶಿರಾಡಿ ಎರಡೂ ಘಟ್ಟದ ಸುದ್ದಿ ನೋಡಿ.

ಆಕಾಶದಲ್ಲೂ ತೊಂದರೆ ಇದೆ. ಮಂಗಳೂರು ನಿಲ್ದಾಣ ಗುಡ್ಡದ ತಲೆ ಮೇಲಿದೆ. ದೊಡ್ಡ ರನ್‌ವೇಯ ಉದ್ದ 2,450 ಮೀಟರ್, ಕಣ್ಣೂರಿನದು 3,050 ಮೀಟರ್. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಎಂಟು ಜನ ಮಾತ್ರ ಉಳಿದರು. ಸತ್ತವರಲ್ಲಿ ನಮ್ಮ ಜಿಲ್ಲೆಯವರೂ ಬಹಳ ಮಂದಿ. ಮೋಡ ಕೆಳಗೆ ಇಳಿದು ರನ್‌ವೇ ಕಾಣದೆ ಹೋದಾಗ ಪೈಲಟ್ ಇಳಿಸದೆ ಸುತ್ತು ಹಾಕಿದರೆ, ಅಥವಾ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಿಸಿದರೆ, ಒಳಗೆ ಕುಳಿತು ಗೊಣಗಬೇಡಿ.

ವಿಮಾನ ಕಣ್ಣೂರಿಗೆ ತಿರುಗಿದರೆ ಕಾಸರಗೋಡಿನವರಿಗೆ ಒಂದು ಆಯ್ಕೆ ಸಿಗಬಹುದು. ಅಲ್ಲೇ ಇಳಿದು ಮನೆಗೆ ಹೋಗಲಿಕ್ಕೆ ಬಿಡುತ್ತೀರಾ ಎಂದು ಸಿಬ್ಬಂದಿಯನ್ನು ಕೇಳಿ. ಕೆಲವೊಮ್ಮೆ ಬಿಡುತ್ತಾರೆ, ಕೆಲವೊಮ್ಮೆ ಇಲ್ಲ. ವಿದೇಶದಿಂದ ಬಂದ ವಿಮಾನವಾದರೆ ಇಮಿಗ್ರೇಷನ್, ಕಸ್ಟಮ್ಸ್ ಮುಗಿಯದೆ ಇಳಿಸುವುದಿಲ್ಲ, ಚೆಕ್‌-ಇನ್ ಮಾಡಿದ ಬ್ಯಾಗೂ ಕೈಗೆ ಸಿಗಬೇಕು. ಕೇಳುವ ಮೊದಲು ನಿಮ್ಮನ್ನು ಕರೆದೊಯ್ಯಲು ಬಜ್ಪೆಗೆ ಬಂದು ನಿಂತವರಿಗೆ ಫೋನ್ ಮಾಡಿ ಅಲ್ಲೇ ಇರಲು ಹೇಳಿ. ವಿಮಾನ ಎಣ್ಣೆ ತುಂಬಿಸಿ ಒಂದೆರಡು ಗಂಟೆಯಲ್ಲಿ ಮಂಗಳೂರಿಗೇ ವಾಪಸ್ ಬರುವುದೂ ಇದೆ.

ರಾತ್ರಿ ತಡವಾಗಿ ಇಳಿಯುವವರು ಮನೆ ಸೇರುವ ಗಾಡಿಯನ್ನು ಹೋಗುವ ದಿನವೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು. ಹತ್ತು ಗಂಟೆ ಕಳೆದರೆ ಮಂಗಳೂರಿನಿಂದ ಕಾಸರಗೋಡಿಗೆ ಬಸ್ಸು ಕಡಿಮೆ. ಬದಿಯಡ್ಕ, ಮುಳ್ಳೇರಿಯಕ್ಕಂತೂ ಬೆಳಗಿನ ತನಕ ಕಾಯಬೇಕಾದೀತು. ಡ್ರೈವರಿಗೆ ಇಳಿಯುವ ಸಮಯ ಹೇಳುವಾಗ ಟಿಕೆಟಿನ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸಿ ಹೇಳಿ, ಜೊತೆಗೆ ಫ್ಲೈಟ್ ನಂಬರನ್ನೂ ಕೊಡಿ. ತಡವಾದರೆ ಅವರೇ ನೋಡಿಕೊಂಡು ಬರುತ್ತಾರೆ.